ಮೊಟ್ಟೆ ಟ್ರೇ ಅಂಟಿಸಿದರೆ ಮೃದಂಗದ ಸದ್ದು ನಿಲ್ಲುತ್ತಾ?

ಪ್ರಶ್ನೆ (ಮೃದಂಗ ಪಾಠ ಮಾಡುವವರು, ಮೈಸೂರು):
ನಮಸ್ಕಾರ ಸರ್. 30-40 ಸೈಟಿನಲ್ಲಿ ಸ್ವಂತ ಮನೆ. ಮಹಡಿ ಮೇಲೆ 10 ಅಡಿ ಅಗಲ, 11 ಅಡಿ ಉದ್ದದ ರೂಮು ಖಾಲಿ ಇದೆ. ಎತ್ತರವೂ 10 ಅಡಿ. ಅಲ್ಲೇ ಆನ್‌ಲೈನ್ ಪಾಠ, ಆಗಾಗ ರೆಕಾರ್ಡಿಂಗ್ ಮಾಡಬೇಕು ಅಂತ ಆಸೆ. ಪಕ್ಕದ ಮನೆಗೂ ನಮಗೂ ನಡುವೆ ಸಣ್ಣ ಪ್ಯಾಸೇಜ್ ಅಷ್ಟೇ. ಅಲ್ಲಿನ ಅಜ್ಜಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲವಂತೆ, ಎರಡು ಸಲ ಹೇಳಿ ಕಳಿಸಿದ್ದಾರೆ. ಅಕ್ಕನ ಮಗ ಹೇಳುತ್ತಾನೆ, ಗೋಡೆ ತುಂಬಾ ಮೊಟ್ಟೆ ಟ್ರೇ ಹೊಡೆಯಿರಿ, ಇಲ್ಲಾಂದ್ರೆ ಆನ್‌ಲೈನಿನಲ್ಲಿ ಸಿಗುವ ಕಪ್ಪು ಫೋಮ್ ಅಂಟಿಸಿ ಅಂತ. ಗೋಡೆ 6 ಇಂಚಿನ ಸಾಲಿಡ್ ಬ್ಲಾಕ್, ಎರಡೂ ಕಡೆ ಪ್ಲಾಸ್ಟರ್. 4 ಅಡಿ ಚೌಕದ ಸ್ಲೈಡಿಂಗ್ ಕಿಟಕಿ ಒಂದಿದೆ, ಅದು ಅಜ್ಜಿ ಮನೆ ಕಡೆಗೇ! ನಾನೇ ಕೈಯಾರೆ ಏನು ಮಾಡಬಹುದು?

ಉತ್ತರ (ಸೌಂಡ್ ಎಂಜಿನಿಯರ್):
ನಮಸ್ಕಾರ ಮೇಷ್ಟ್ರೇ. ಮೊಟ್ಟೆ ಟ್ರೇ ಮೊಟ್ಟೆಗೇ ಇರಲಿ. ಅದು ರಟ್ಟು, ತೂಕವೇ ಇಲ್ಲ. ಸದ್ದು ಅದನ್ನು ದಾಟಿ ಹೋಗುತ್ತದೆ, ಜೊತೆಗೆ ಬೆಂಕಿ ಬಿದ್ದರೆ ಧಗ್ಗನೆ ಹತ್ತಿಕೊಳ್ಳುತ್ತದೆ. ಫೋಮ್ ಕಥೆ ಬೇರೆ. ಅದಕ್ಕೆ ಕೆಲಸ ಇದೆ, ಆದರೆ ನಿಮ್ಮ ಅಜ್ಜಿ ನಿದ್ದೆಗೂ ಅದಕ್ಕೂ ಸಂಬಂಧ ಇಲ್ಲ.

ಎಲ್ಲರೂ ಎಡವುವುದು ಇಲ್ಲೇ. ಸದ್ದು ಹೊರಗೆ ಹೋಗದ ಹಾಗೆ ತಡೆಯುವುದು ಒಂದು ಕೆಲಸ. ರೂಮಿನ ಒಳಗಿನ ಗುಂಯ್‌ಗುಡುವಿಕೆ ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಭಾರ ಬೇಕು, ಸಂದು ಇರಬಾರದು. ಎರಡನೆಯದಕ್ಕೆ ಮೆತ್ತಗಿನ, ದಪ್ಪನೆಯ ಸಾಮಾನು ಬೇಕು. ಮೆತ್ತಗಿರುವುದು ಸದ್ದು ತಡೆಯುವುದಿಲ್ಲ, ಭಾರ ಇರುವುದು ಗುಂಯ್ ತೆಗೆಯುವುದಿಲ್ಲ.

ಈಗ ನಿಮ್ಮ ಗೋಡೆ ನೋಡೋಣ. 6 ಇಂಚಿನ ಬ್ಲಾಕ್ ಗೋಡೆ ಸುಮಾರು 45 ಡೆಸಿಬೆಲ್ ತಡೆಯುತ್ತದೆ. ಅದು ಒಳ್ಳೆ ಗೋಡೆಯೇ. ಆದರೆ ಅದರಲ್ಲಿ 16 ಚದರ ಅಡಿ ಕಿಟಕಿ ಕೂತಿದೆ, ಅಲ್ವಾ? ಸ್ಲೈಡಿಂಗ್ ಕಿಟಕಿಯ ಬ್ರಶ್ಶಿನ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ಮುಚ್ಚಿದರೂ 20 ತಡೆದರೆ ಹೆಚ್ಚು. 100 ಚದರ ಅಡಿ ಗೋಡೆಯಲ್ಲಿ ಇಷ್ಟು ಭಾಗ ಸೋರಿದರೆ ಇಡೀ ಗೋಡೆಯ ಲೆಕ್ಕ 28ಕ್ಕೆ ಇಳಿಯುತ್ತದೆ. ನೀವು ಜೋರಾಗಿ ನುಡಿಸುವಾಗ ಒಂದು ಮೀಟರ್ ದೂರದಲ್ಲಿ 88 ಇದೆ ಅಂದುಕೊಳ್ಳಿ. ಪ್ಯಾಸೇಜಿಗೆ 60 ದಾಟುತ್ತದೆ. ಮನೆಗಳಿರುವ ಜಾಗಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲಿಗೆ 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಅಂತ ಮಿತಿ ಇದೆ. ಹಾಗಾಗಿ ಅಜ್ಜಿ ದೂರು ಸುಮ್ನೆ ಅಲ್ಲ.

ಇಂಥ ಗೋಡೆಯ ಮೇಲೆ ಇನ್ನೊಂದು ಗೋಡೆ ಕಟ್ಟಿದರೂ ಪ್ರಯೋಜನ ಇಲ್ಲ. ಭಾರ ಎರಡರಷ್ಟು ಮಾಡಿದರೆ ಸಿಗುವುದು 5-6 ಡೆಸಿಬೆಲ್. ಕಿವಿಗೆ ಸದ್ದು ಅರ್ಧ ಅನಿಸಬೇಕಾದರೆ 10 ಇಳಿಯಬೇಕು. ತೂತು ಇಟ್ಟುಕೊಂಡು ಗೋಡೆ ದಪ್ಪ ಮಾಡುವುದು, ಒಡೆದ ಕೊಡಕ್ಕೆ ಬಣ್ಣ ಹೊಡೆದ ಹಾಗೆ.

ಆದ್ದರಿಂದ ಮೊದಲು ಕಿಟಕಿ. ಕಿಟಕಿಯ ಒಳಗಿನ ಚೌಕಕ್ಕೆ ಸರಿಯಾಗಿ ಒಂದು ಬಿರಡೆ ಮಾಡಿಸಿ. 18 ಮಿಮೀ ಪ್ಲೈವುಡ್, ಅದಕ್ಕೆ 12.5 ಮಿಮೀ ಜಿಪ್ಸಮ್ ಬೋರ್ಡ್ ಒತ್ತಿ ಸ್ಕ್ರೂ, ಗಾಜಿನ ಕಡೆಗೆ ಕಲ್ಲಿನ ಎಳೆಯಿಂದ ಮಾಡಿದ ಹಾಸು, ಅಂದರೆ 50 ಮಿಮೀ ರಾಕ್‌ವುಲ್. ಸುತ್ತಲೂ ಒತ್ತಿದರೆ ಕುಗ್ಗುವ ರಬ್ಬರ್ ಪಟ್ಟಿ. ಗಾಜಿಗೂ ಅದಕ್ಕೂ ನಡುವೆ ನಾಲ್ಕು ಇಂಚಿನಷ್ಟು ಗಾಳಿ ಬಿಡಿ. ಎರಡು ಭಾರದ ನಡುವಿನ ಗಾಳಿಯೂ ಸದ್ದು ತಡೆಯಲು ಸಹಾಯ ಮಾಡುತ್ತದೆ. ಗೋಡೆ ಅಷ್ಟು ದಪ್ಪ ಇಲ್ಲದಿದ್ದರೆ ಒಳಗಡೆ ಒಂದು ಮರದ ಚೌಕಟ್ಟು ಹೊಡೆದು ಅದರ ಮೇಲೆ ಕೂರಿಸಿ. ಎರಡು ಹಿಡಿ ಬೇಕೇ ಬೇಕು, ಯಾಕೆಂದರೆ ಇದು 30 ಕೆಜಿ ಹತ್ತಿರ ಬರುತ್ತದೆ. ಎತ್ತುವಾಗ ಜೊತೆಗೆ ಒಬ್ಬರಿರಲಿ. ಪಾಠ ಮುಗಿದ ಮೇಲೆ ತೆಗೆದು ಪಕ್ಕಕ್ಕಿಟ್ಟರೆ ಗಾಳಿ ಬೆಳಕು ವಾಪಸ್.

ಆಮೇಲೆ ಬಾಗಿಲು. ಒಳಗೆ ಟೊಳ್ಳು ಇರುವ ಬಾಗಿಲು ಬೇಡ, 35 ಮಿಮೀ ಸಾಲಿಡ್ ಫ್ಲಶ್ ಡೋರ್ ಹಾಕಿ. ಬಾಗಿಲ ಕೆಳಗಿನ ಅರ್ಧ ಇಂಚು ಸಂದು ಸಣ್ಣದು ಅಂತ ಕಾಣುತ್ತದೆ. ಆದರೆ 45 ತಡೆಯುವ ಗೋಡೆಯಲ್ಲಿ ಅದೊಂದಿದ್ದರೆ ಸಾಕು, ಮೊತ್ತ 29ರ ಆಚೆ ಹೋಗುವುದಿಲ್ಲ.

ಇಷ್ಟು ಮಾಡಿದರೆ 40ರ ಹತ್ತಿರ ಮುಟ್ಟಬಹುದು. ಬಲಗಡೆಯ ನಾದ ಬಹುಪಾಲು ಒಳಗೇ ಉಳಿಯುತ್ತದೆ. ಎಡಗಡೆಯ, ಅಂದರೆ ತೊಪ್ಪಿಯ ಗುಂಕಾರ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಕೆಳಗಿನ ಸ್ವರ ತಡೆಯುವುದೇ ಕಷ್ಟ. ಅದಕ್ಕೆ ಅಜ್ಜಿ ಮಲಗುವ ಹೊತ್ತು ಕೇಳಿಕೊಂಡು ಪಾಠದ ಟೈಮ್ ಇಟ್ಟುಕೊಳ್ಳಿ. ಖರ್ಚಿಲ್ಲದ ಸೌಂಡ್‌ಪ್ರೂಫ್ ಅಂದರೆ ಅದೇ!

ಪ್ರಶ್ನೆ (ಅದೇ ಮೇಷ್ಟ್ರು):
ತುಂಬಾ ಉಪಕಾರ ಸರ್. ರೂಮಿನೊಳಗೆ ಇನ್ನೊಂದು ರೂಮು ಕಟ್ಟುತ್ತಾರಂತಲ್ಲ, ಅದು ಬೇಡವೇ? ಸ್ಲ್ಯಾಬ್ ತಡೆಯುತ್ತಾ?

ಉತ್ತರ:
ಬೇಕಾದವರಿಗೆ ಬೇಕು. ಡ್ರಮ್ಸ್, ಚೆಂಡೆ, ರಾತ್ರಿ ಹೊತ್ತಿನ ರೆಕಾರ್ಡಿಂಗ್, ಇಂಥವಕ್ಕೆ. ಹಳೆ ಗೋಡೆಯಿಂದ ಒಂದಿಂಚು ಬಿಟ್ಟು, ಎಲ್ಲೂ ಅದಕ್ಕೆ ತಾಗದ ಹಾಗೆ ಜಿಐ (ಸತು ಲೇಪಿಸಿದ ತಗಡಿನ) ಚಾನೆಲ್ಲಿನ ಚೌಕಟ್ಟು. ಒಳಗೆ ರಾಕ್‌ವುಲ್, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್. ಮೊದಲ ಪದರದ ಜಾಯಿಂಟಿನ ಮೇಲೆ ಎರಡನೆಯದರ ಜಾಯಿಂಟ್ ಬರಬಾರದು. ಸೀಲಿಂಗೂ ಹಾಗೇ. ಕಾರ್ಪೆಂಟರ್ ಒಂದೇ ಒಂದು ಕಡೆ ಗಟ್ಟಿ ಇರಲಿ ಅಂತ ಹಳೆ ಗೋಡೆಗೆ ಸ್ಕ್ರೂ ಹೊಡೆದರೆ ಆ ಜಾಗದಲ್ಲಿ ಸದ್ದಿಗೆ ಸೇತುವೆ ಕಟ್ಟಿದಂತೆ. ಪಕ್ಕದಲ್ಲೇ ನಿಂತು ಮಾಡಿಸಿ.

12.5 ಮಿಮೀ ಬೋರ್ಡ್ ಚದರ ಮೀಟರಿಗೆ 8-9 ಕೆಜಿ. ನಿಮ್ಮ ರೂಮಿನ ನಾಲ್ಕು ಗೋಡೆ, ಸೀಲಿಂಗ್, ಎರಡು ಪದರ ಅಂದರೆ ಬೋರ್ಡೇ 900 ಕೆಜಿ ಹತ್ತಿರ. ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಹೊರುವ ಲೆಕ್ಕದಲ್ಲಿ ಮಾಡಿರುತ್ತಾರೆ. ಹತ್ತು ಚದರ ಮೀಟರಿಗೆ 2 ಟನ್ ಆಯಿತು. ಕಾಗದದ ಮೇಲೆ ಸರಿ, ಆದರೂ ಮನೆ ಕಟ್ಟಿದ ಎಂಜಿನಿಯರಿಗೆ ಒಂದು ಮಾತು ಕೇಳಿ. ಮೇಲಿನ ಮಹಡಿಯಲ್ಲಿ ಇಟ್ಟಿಗೆ ಗೋಡೆ ಎಬ್ಬಿಸುವ ಯೋಚನೆ ಅಂತೂ ಬೇಡವೇ ಬೇಡ. ನಿಮಗೆ ಈಗ ಇದರ ಅಗತ್ಯವೂ ಇಲ್ಲ.

ಕಾಮೆಂಟ್ (ಬಡಗಿ, ದಾವಣಗೆರೆ):
ಸರ್ ಹೇಳಿದ ಬಾಗಿಲ ವಿಷಯಕ್ಕೆ ನಂದೊಂದು ಮಾತು ಸೇರಿಸುತ್ತೇನೆ. ರಬ್ಬರ್ ಪಟ್ಟಿಯನ್ನು ಬಾಗಿಲಿಗೆ ಅಂಟಿಸಬೇಡಿ, ಫ್ರೇಮಿನ ಒಳಮೂಲೆಗೆ ಅಂಟಿಸಿ. ಬಾಗಿಲು ಹಾಕಿದಾಗ ಅದು ಒತ್ತಬೇಕು, ಉಜ್ಜಬಾರದು. ಉಜ್ಜಿದರೆ ಆರು ತಿಂಗಳಿಗೆ ಕಿತ್ತು ಬರುತ್ತದೆ. ಸಾಲಿಡ್ ಬಾಗಿಲಿಗೆ ನಾಲ್ಕು ಹಿಂಜ್ ಹಾಕಿ. ಮೂರೇ ಹಾಕಿದರೆ ಮಳೆಗಾಲದಲ್ಲಿ ಜಗ್ಗಿ ಕೆಳಗಿನ ಮೂಲೆಯಲ್ಲಿ ಮತ್ತೆ ಸಂದು ಬೀಳುತ್ತದೆ.

ಉತ್ತರ:
ಅಣ್ಣಾ, ಈ ಹಿಂಜ್ ವಿಷಯ ನನಗೆ ಹೊಳೆದಿರಲಿಲ್ಲ. ಮೇಷ್ಟ್ರೇ, ಬರೆದಿಟ್ಟುಕೊಳ್ಳಿ. ಇನ್ನೊಂದು: ಚಿಲಕ ಒಳಗಿನಿಂದ ಯಾವಾಗಲೂ ಕೈಗೆ ಸಲೀಸಾಗಿ ತೆಗೆಯುವ ಹಾಗಿರಲಿ. ಒಳಗಿನಿಂದ ಕೂಗಿದರೆ ಯಾರಿಗೂ ಕೇಳಿಸಬಾರದು ಅಂತ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು.

ಪ್ರಶ್ನೆ (ಕಥೆ ಓದಿ ಆಡಿಯೋ ಮಾಡುವವರು, ಬೆಂಗಳೂರು):
ಸರ್, ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದರೂ ಓನರ್ ಬಿಡುವುದಿಲ್ಲ. ನನ್ನದು ಬರೀ ಮಾತು. ಆದರೆ ಬಾತ್‌ರೂಮಿನಲ್ಲಿ ಕೂತು ಓದಿದ ಹಾಗೆ ಕೇಳಿಸುತ್ತದೆ. ಪಕ್ಕದ ಮನೆ ಕುಕ್ಕರ್ ಕೂಗು ಬೇರೆ. ಥರ್ಮಾಕೋಲ್ ಹಾಳೆ ಒರಗಿಸಿ ಇಟ್ಟರೆ ಆಗುತ್ತಾ?

ಉತ್ತರ:
ಥರ್ಮಾಕೋಲ್ ಎರಡಕ್ಕೂ ಇಲ್ಲ ಮೇಡಂ. ತಡೆಯಲು ಭಾರ ಇಲ್ಲ. ಹೀರಲು ಗಾಳಿ ಒಳಗೆ ನುಗ್ಗಬೇಕು, ಅದರ ಕಾಳುಗಳು ಮುಚ್ಚಿಕೊಂಡಿರುತ್ತವೆ. ಅದು ತಂಪು ಉಳಿಸುವ ಸಾಮಾನು, ಸದ್ದಿನದಲ್ಲ.

ನಿಮಗೆ ಸ್ಟುಡಿಯೋ ಬೇಡ, ಬಟ್ಟೆ ಬೀರು ಇರುವ ಮೂಲೆ ಬೇಕು. ಬೀರಿನ ಬಾಗಿಲು ತೆಗೆದು, ಸೀರೆ, ಸ್ವೆಟರ್ ತುಂಬಿರುವ ಕಡೆಗೆ ಮುಖ ಮಾಡಿ ಕೂರಿ. ಬೆನ್ನ ಹಿಂದೆ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ದಪ್ಪ ರಜಾಯಿ ಎರಡು ಮಡಿಕೆ ಮಾಡಿ ಹಾಕಿ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ಸ್ವಲ್ಪ ಓರೆಯಾಗಿ. ಹತ್ತಿರ ಬಂದಷ್ಟೂ ನಿಮ್ಮ ಧ್ವನಿ ಜಾಸ್ತಿ, ರೂಮಿನ ಧ್ವನಿ ಕಡಿಮೆ. ಗದ್ದಲದ ಮನೆಗೆ ಡೈನಾಮಿಕ್ ಮೈಕು ಒಳ್ಳೆಯದು. ಕಂಡೆನ್ಸರ್ ಮೈಕು ಬೀದಿಯ ತರಕಾರಿ ಗಾಡಿಯವರ ಮೈಕನ್ನೂ ಬಿಡುವುದಿಲ್ಲ.

ಕುಕ್ಕರಿಗೆ ಮಾತ್ರ ಔಷಧಿ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ಓದಿ, ಮೇಡಂ.

ಪ್ರಶ್ನೆ (ಯಕ್ಷಗಾನದ ಹಿಮ್ಮೇಳದವರು, ಉಡುಪಿ ಕಡೆಯಿಂದ):
ನಮ್ಮ ಮನೆಯ ಮಾಡಿನ ಮೇಲೆ ತಗಡಿನ ಶೀಟು. ಜೂನ್ ಬಂತೆಂದರೆ ಮಾತೇ ಕೇಳುವುದಿಲ್ಲ, ಇನ್ನು ಭಾಗವತಿಕೆ ರೆಕಾರ್ಡ್ ಎಲ್ಲಿಂದ? ಏನಾದರೂ ದಾರಿ ಉಂಟಾ?

ಉತ್ತರ:
ತಗಡಿನ ಮೇಲೆ ಮಳೆ ಹೊಡೆಯುವುದು ಚೆಂಡೆ ಬಾರಿಸಿದ ಹಾಗೇ. ಶೀಟಿನ ಕೆಳಗೆ ರಾಕ್‌ವುಲ್ ಹಾಕಿ, ಶೀಟಿಗೆ ತಾಗದಂತೆ ಎರಡು ಪದರ ಬೋರ್ಡಿನ ಸೀಲಿಂಗ್ ಕಟ್ಟಿದರೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಅಷ್ಟು ದುಡ್ಡು ಹಾಕುವ ಬದಲು ಕಾಂಕ್ರೀಟ್ ಸ್ಲ್ಯಾಬ್ ಇರುವ ಕೆಳಗಿನ ಕೋಣೆ ಹುಡುಕಿ. ಮೇಳ ಹೇಗೂ ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತದೆ. ರೆಕಾರ್ಡಿಂಗಿಗೂ ಮಳೆ ನಿಂತ ದಿನ ನೋಡಿಕೊಳ್ಳಿ.

ಪ್ರಶ್ನೆ (ಮೈಸೂರಿನ ಮೇಷ್ಟ್ರು):
ಸರ್, ಬಿರಡೆ, ಬಾಗಿಲು ಎರಡೂ ಆಯಿತು ಅಂದುಕೊಳ್ಳೋಣ. ಒಳಗಿನ ಗುಂಯ್‌ಗೆ ಏನು ಮಾಡಲಿ? ಆಮೇಲೆ ಎಲ್ಲ ಮುಚ್ಚಿದರೆ ಉಸಿರು ಕಟ್ಟುತ್ತದೆ, ಎಸಿ ಹಾಕಲೇ?

ಉತ್ತರ:
ನಿಮ್ಮ ರೂಮಿನ ಅಳತೆ ಒಂದು ಸಣ್ಣ ತಲೆನೋವು. 10 ಅಡಿ ಅಗಲ, 10 ಅಡಿ ಎತ್ತರ. ಎದುರು ಬದುರು ಗೋಡೆ 10 ಅಡಿ ಇದ್ದರೆ 56 ಹರ್ಟ್ಸ್ ಹತ್ತಿರದ ಸದ್ದು ಅಲ್ಲೇ ನಿಂತು ಉಬ್ಬುತ್ತದೆ. ನಿಮ್ಮಲ್ಲಿ ಅದು ಎರಡು ದಿಕ್ಕಿನಲ್ಲಿ ಒಂದರ ಮೇಲೊಂದು ಕೂರುತ್ತದೆ. 11 ಅಡಿಯದ್ದು 51ಕ್ಕೆ, ಅದೂ ಪಕ್ಕದಲ್ಲೇ. ಹಾಗಾಗಿ ರೆಕಾರ್ಡ್ ಕೇಳುವಾಗ ತಳದಲ್ಲಿ ಒಂದು ಊತ ಇರುತ್ತದೆ. ಮೂಲೆಗಳಿಗೆ ಅಡ್ಡಲಾಗಿ 4 ಇಂಚು ದಪ್ಪದ ರಾಕ್‌ವುಲ್ ನಿಲ್ಲಿಸಿ, ನೆಲದಿಂದ ಸೀಲಿಂಗ್‌ವರೆಗೆ.

ಗೋಡೆಗೆ 2 ಅಡಿ 4 ಅಡಿಯ ಪ್ಯಾನೆಲ್ ನೀವೇ ಮಾಡಿ. ಮರದ ಚೌಕಟ್ಟು, ಒಳಗೆ 50 ಮಿಮೀ ರಾಕ್‌ವುಲ್, 48 ಡೆನ್ಸಿಟಿ ಅಂತ ಕೇಳಿ ತನ್ನಿ. ಮೇಲೆ ಹತ್ತಿ ಬಟ್ಟೆ. ಬಟ್ಟೆಯನ್ನು ಬಾಯಿಗಿಟ್ಟು ಊದಿ, ಉಸಿರು ಆಚೆ ಹೋದರೆ ಅದು ಆಗುತ್ತದೆ. ಗೋಡೆಯಿಂದ ಎರಡು ಇಂಚು ಮುಂದಕ್ಕೆ ನೇತು ಹಾಕಿದರೆ ಅದೇ ಪ್ಯಾನೆಲ್ ಇನ್ನೂ ಕೆಳಗಿನ ಸ್ವರದವರೆಗೂ ಹೀರುತ್ತದೆ. ಆರೇಳು ಸಾಕು. ಗೋಡೆ ಪೂರ್ತಿ ಮುಚ್ಚಿದರೆ ಮೃದಂಗ ಸತ್ತ ಹಾಗೆ ಕೇಳಿಸುತ್ತದೆ. ರಾಕ್‌ವುಲ್ ಮುಟ್ಟುವಾಗ ಗ್ಲೌಸ್, ಮಾಸ್ಕ್, ತುಂಬು ತೋಳಿನ ಅಂಗಿ. ಒಂದು ಸಲ ಲುಂಗಿ ಉಟ್ಟು ಈ ಕೆಲಸ ಮಾಡಿದ್ದೆ, ಎರಡು ದಿನ ತುರಿಸಿಕೊಂಡೆ.

ಎಸಿ ಹಾಕಿ, ಟೇಕ್ ತೆಗೆದುಕೊಳ್ಳುವಾಗ ಆರಿಸಿ. ಆದರೆ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಬಾಗಿಲು ತೆಗೆಯಿರಿ. ಇನ್ನು ಚರ್ಮದ ವಾದ್ಯದ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎಸಿಯ ಒಣ ಗಾಳಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ. ಅರ್ಧ ಗಂಟೆ ಮೊದಲೇ ಎಸಿ ಹಾಕಿ, ವಾದ್ಯವನ್ನು ಒಳಗಿಟ್ಟು, ಆಮೇಲೆ ಶ್ರುತಿ ಮಾಡಿ.

ಇನ್ನೊಂದು, ನನ್ನದೇ ಪೆದ್ದುತನ. ನಾನು ಮೊದಲು ಮಾಡಿದ ರೂಮಿನಲ್ಲಿ ಕಿಟಕಿ, ಬಾಗಿಲು ಎಲ್ಲ ಬಿಗಿ. ಆದರೂ ಪಕ್ಕದ ರೂಮಿನ ಮಿಕ್ಸಿ ಸದ್ದು ಸ್ಪಷ್ಟವಾಗಿ ಬರುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಸ್ವಿಚ್ ಬೋರ್ಡಿಗೆ ಕಿವಿ ಇಟ್ಟೆ. ಈ ಕಡೆ ಬಾಕ್ಸ್, ಆ ಕಡೆ ಬಾಕ್ಸ್, ಬೆನ್ನಿಗೆ ಬೆನ್ನು, ನಡುವೆ ಗೋಡೆಯೇ ಇಲ್ಲ! ನೀವು ರಾತ್ರಿ ರೂಮಿನ ಒಳಗೆ ಜೋರು ಲೈಟ್ ಹಾಕಿ, ಹೊರಗೆ ಕತ್ತಲೆ ಮಾಡಿ ಸುತ್ತು ಬನ್ನಿ. ಬೆಳಕು ಎಲ್ಲಿ ಕಾಣುತ್ತದೋ ಸದ್ದೂ ಅಲ್ಲೇ ಸೋರುತ್ತದೆ. ಸ್ವಿಚ್ ಬೋರ್ಡಿಗೆ ಮಾತ್ರ ಕಿವಿಯೇ ಬೇಕು.

ಮೇಷ್ಟ್ರು (ನಾಲ್ಕು ದಿನದ ನಂತರ):
ನೋಡಿದೆ ಸರ್. ಬಾಗಿಲ ಕೆಳಗೆ ಗೊತ್ತೇ ಇತ್ತು. ಕಿಟಕಿಯ ಮೇಲ್ಗಡೆ ಹಳೆ ಕೇಬಲ್ ಟೀವಿ ವೈರಿನ ತೂತು ಒಂದಿದೆ, ಹೆಬ್ಬೆರಳು ಹೋಗುವಷ್ಟು. ಹತ್ತು ವರ್ಷದಿಂದ ಅದು ಇದೆ ಅಂತಲೇ ಮರೆತಿತ್ತು. ಸದ್ಯಕ್ಕೆ ಬಟ್ಟೆ ತುರುಕಿದ್ದೇನೆ.

ಉತ್ತರ:
ಬಟ್ಟೆ ತೆಗೆದು ಸಿಮೆಂಟು ತುಂಬಿ ಮೇಷ್ಟ್ರೇ, ಬಟ್ಟೆಗೆ ಭಾರ ಇಲ್ಲ. ಒಣಗಿದ ಮೇಲೆ ಅಂಚಿಗೆ ಸುತ್ತಲೂ ಅಕ್ರಿಲಿಕ್ ಸೀಲೆಂಟ್ ಎಳೆಯಿರಿ. ಆಮೇಲೆ ಬಿರಡೆಗೆ ಅಳತೆ ತೆಗೆಯಿರಿ. ಚೌಕದ ನಾಲ್ಕೂ ಬದಿ ಬೇರೆ ಬೇರೆ ಅಳೆಯಿರಿ, ನಮ್ಮ ಗಾರೆಯವರ ಚೌಕ ಚೌಕ ಇರುವುದಿಲ್ಲ.