ಜೋಗದ ಟ್ರಿಪ್‌ಗೆ ತಲೆಗೆ ಎಷ್ಟು ಪೆಟ್ರೋಲ್ ದುಡ್ಡು?

ಮುಂದಿನ ವಾರ ನಾವು ನಾಲ್ಕು ಜನ ನನ್ನ ಪೆಟ್ರೋಲ್ ಕಾರಿನಲ್ಲಿ ಬೆಂಗಳೂರಿಂದ ಜೋಗಕ್ಕೆ ಹೊರಟಿದ್ದೇವೆ. ತಲೆಗೆ ಎಷ್ಟು ಅಂತ ಮೊದಲೇ ಹೇಳಬೇಕು. ಲೆಕ್ಕ ಹೇಗೆ ಹಾಕುತ್ತೀರಿ? ಕಾರು ನನ್ನದು, ನಾನೂ ಪಾಲು ಕೊಡಬೇಕಾ?

— ಹೋಗೋಕೆ ಸುಮಾರು 400 ಕಿಲೋಮೀಟರ್, ಬರೋಕೂ ಅಷ್ಟೇ. ಆದರೆ 800ಕ್ಕೇ ಲೆಕ್ಕ ಹಾಕಿದರೆ ಕೈ ಸುಟ್ಟುಕೊಳ್ಳುತ್ತೀರಿ. ಅಲ್ಲಿವರೆಗೂ ಹೋದ ಮೇಲೆ ಇಕ್ಕೇರಿ, ಕೆಳದಿ ನೋಡದೆ ಯಾರು ಬರುತ್ತಾರೆ, ಸಿಗಂದೂರಿಗೂ ಹೋಗಿಬಿಡೋಣ ಅಂತ ಒಬ್ಬರಾದರೂ ಹಠ ಹಿಡಿಯುತ್ತಾರೆ. 900 ಹಿಡಿಯಿರಿ. ಕಂಪನಿಯವರು ಹೇಳಿದ ಮೈಲೇಜ್ ಮರೆತುಬಿಡಿ. ನಾಲ್ಕು ಜನ, ಲಗೇಜು, ಏಸಿ ಎಲ್ಲ ಸೇರಿ ನನ್ನ ಗಾಡಿ 15 ಕೊಟ್ಟರೆ ಜಾಸ್ತಿ. ಅಲ್ಲಿಗೆ 60 ಲೀಟರ್. ಲೀಟರಿಗೆ 103 ರೂಪಾಯಿ ಅಂದರೆ 6,180, ತಲೆಗೆ 1,545. ನಾನಾದರೆ ಎಲ್ಲರ ಹತ್ತಿರ 2,000 ಮೊದಲೇ ಇಸ್ಕೊಂಡು, ಉಳಿದದ್ದು ವಾಪಸ್ ಕೊಡುತ್ತೇನೆ. ಕೊನೆಯಲ್ಲಿ ಕೇಳೋದಿದೆಯಲ್ಲ, ಅದರಷ್ಟು ಮುಜುಗರದ ಕೆಲಸ ಇನ್ನೊಂದಿಲ್ಲ.

— ಇಷ್ಟೆಲ್ಲ ಗುಣಾಕಾರ ಯಾಕೆ ಮಾರಾಯರೇ. ಹೊರಡುವ ಹಿಂದಿನ ದಿನ ನಿಮ್ಮ ದುಡ್ಡಿನಲ್ಲೇ ಟ್ಯಾಂಕ್ ಫುಲ್ ಮಾಡಿ, ವಾಪಸ್ ಬಂದ ದಿನ ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿ. ದಾರಿಯಲ್ಲಿ ಹಾಕಿಸಿದ್ದು, ಕೊನೆಗೆ ಹಾಕಿಸಿದ್ದು, ಇವೆರಡರ ಬಿಲ್ ಕೂಡಿದರೆ ಅದೇ ಟ್ರಿಪ್ಪಿನ ಖರ್ಚು. ಆಟೋ ಕಟ್ ಆದ ಮೇಲೆ ಬಂಕ್ ಹುಡುಗ ರೌಂಡ್ ಫಿಗರ್‌ಗೆ ಅಂತ ಇನ್ನಷ್ಟು ತುಂಬಲು ಬಂದರೆ ಬೇಡ ಅನ್ನಿ, ಲೆಕ್ಕ ಕೆಡುತ್ತದೆ.

— ಓನರ್ ಪಾಲಿನ ವಿಷಯಕ್ಕೆ ನಮ್ಮಲ್ಲಿ ಒಮ್ಮೆ ಜಗಳವೇ ಆಗಿತ್ತು. ಟೈರು ಸವೆಯುವುದು, ಸರ್ವಿಸ್ ಖರ್ಚು ಎಲ್ಲ ಅವನದೇ, ಮೇಲೆ ಡ್ರೈವಿಂಗೂ ಅವನೇ. ಈಗ ನಾಲ್ಕು ಜನ ಹೋದರೆ ಪೆಟ್ರೋಲನ್ನು ಮೂರೇ ಪಾಲು ಮಾಡುತ್ತೇವೆ, ಊಟ-ರೂಮಿಗೆ ಮಾತ್ರ ನಾಲ್ಕು. ಆದರೆ ಈ ಮಾತನ್ನು ನೀವು ಎತ್ತಬೇಡಿ, ಉಳಿದವರಲ್ಲಿ ಒಬ್ಬರಿಂದ ಹೇಳಿಸಿ. ಇನ್ನೊಂದು, ಬರುವಾಗ ಯಾರಾದರೂ ಶಿವಮೊಗ್ಗದಲ್ಲೇ ಇಳಿದುಕೊಂಡರೆ ಅಲ್ಲಿಂದ ಬೆಂಗಳೂರಿನ 300 ಕಿಲೋಮೀಟರ್ ಅವರ ತಲೆಗೆ ಹಾಕಬೇಡಿ. ನನಗೆ ಹಾಕಿದ್ದರು, ಇನ್ನೂ ಮರೆತಿಲ್ಲ!

— ಟೋಲ್ ಯಾರೂ ಹೇಳಲಿಲ್ಲವಲ್ಲ? ನೆಲಮಂಗಲದ ಹತ್ತಿರವೇ ಶುರು. ಫಾಸ್ಟ್ಯಾಗ್ ದುಡ್ಡು ಓನರ್ ಖಾತೆಯಿಂದ ಸದ್ದಿಲ್ಲದೆ ಹೋಗುತ್ತದೆ, ಹಿಂದೆ ಕೂತವರಿಗೆ ಗೊತ್ತೇ ಆಗಲ್ಲ. ಮೆಸೇಜ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ.