ಸಹಾಯ ಬೇಕು: ರೋಮಾಪುರ 13 ಮತ್ತು ಬೋನ್‌ಹಾಫರ್

ಎಲ್ಲರಿಗೂ ವಂದನೆಗಳು. ಭಾನುವಾರ ಯುವಜನರ ಕೂಟದಲ್ಲಿ ಬೈಬಲ್‌ನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದ ಮೇಲೆ ನಾನು ಮಾತಾಡಬೇಕು. ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುವ ಆ ಮಾತನ್ನೇ ಹಿಡಿದು ಜರ್ಮನಿಯ ಎಷ್ಟೋ ಕ್ರೈಸ್ತರು ಹಿಟ್ಲರನಿಗೆ ತಲೆಬಾಗಿದರು. ಚರ್ಚಿನ ಮೇಲೆ ನಾಜಿಗಳ ಹಿಡಿತವನ್ನು ವಿರೋಧಿಸಿದ ಜರ್ಮನ್ ಕ್ರೈಸ್ತರು 1934ರಲ್ಲಿ ಹೊರಡಿಸಿದ ಬಾರ್ಮೆನ್ ಘೋಷಣೆಯ ಐದನೇ ಅಂಶ, ನ್ಯಾಯ ಮತ್ತು ಶಾಂತಿ ಕಾಯಲು ಸರ್ಕಾರ ಬಲ ಬಳಸಬಹುದೆಂದು ಒಪ್ಪುತ್ತಲೇ, ಮನುಷ್ಯನ ಇಡೀ ಬದುಕಿಗೆ ತಾನೇ ಒಡೆಯ ಎನ್ನುವ ಸರ್ಕಾರವನ್ನು ತಿರಸ್ಕರಿಸುತ್ತದೆ. ಇಲ್ಲಿವರೆಗೆ ಸರಿ.

ಆದರೆ ಯುದ್ಧವನ್ನು ವಿರೋಧಿಸುತ್ತಿದ್ದ ಜರ್ಮನಿಯ ಪಾದ್ರಿ ಬೋನ್‌ಹಾಫರ್ ಆಮೇಲೆ ಹಿಟ್ಲರನ ವಿರುದ್ಧ ಸಂಚು ನಡೆಸಿದವರ ಜೊತೆ ಸೇರಿದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಇದನ್ನು ಹುಡುಗರಿಗೆ ಹೇಗೆ ವಿವರಿಸಲಿ? ('ಹಾಗಾದ್ರೆ ನಾವೂ ಕತ್ತಿ ಹಿಡೀಬಹುದಾ' ಅಂತ ಒಬ್ಬ ಕೇಳೇ ಕೇಳ್ತಾನೆ!) ಬಲಪ್ರಯೋಗವೇ ಬೇಡ ಎನ್ನುವ ಮೆನೊನೈಟ್ ಪಂಗಡದ ಕ್ರೈಸ್ತರು ಈ ಅಧ್ಯಾಯವನ್ನು ಹೇಗೆ ಓದುತ್ತಾರೆ ಎಂದು ಬಲ್ಲವರು ತಿಳಿಸಿ. ಬಾರ್ಮೆನ್ ಘೋಷಣೆ ಕನ್ನಡದಲ್ಲಿ ಇದ್ದರೆ ಶನಿವಾರದೊಳಗೆ ಕಳಿಸಿ, ಫೋಟೋ ಆದರೂ ಸಾಕು.