ಮೋನಿಕಾ ಸೆಲೆಸ್: ಗಾಯ ಮಾಗಿದ ಮೇಲೂ ಎರಡು ವರ್ಷ ಬೇಕಾಯಿತೇಕೆ?

ಪ್ರಶ್ನೆ:
1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಟೆನಿಸ್ ಟೂರ್ನಿಯ ಕ್ವಾರ್ಟರ್ ಫೈನಲ್ ಆಡುತ್ತಿದ್ದ ಮೋನಿಕಾ ಸೆಲೆಸ್ ಅವರ ಬೆನ್ನಿಗೆ ಪ್ರೇಕ್ಷಕನೊಬ್ಬ ಚಾಕುವಿನಿಂದ ಇರಿದ. ಗಾಯ ಕೆಲವೇ ವಾರಗಳಲ್ಲಿ ಮಾಗಿತೆಂದು ಓದಿದ್ದೇನೆ. ಹತ್ತೊಂಬತ್ತನೆಯ ವಯಸ್ಸಿಗೇ ಎಂಟು ಗ್ರ್ಯಾನ್‌ಸ್ಲಾಮ್ ಗೆದ್ದು ವಿಶ್ವದ ಅಗ್ರಸ್ಥಾನದಲ್ಲಿದ್ದವರು 1995ರವರೆಗೆ ಅಂಕಣಕ್ಕೆ ಮರಳಲಿಲ್ಲವೇಕೆ? ಮರಳಿದ ಮೇಲಾದರೂ ಪೂರ್ಣವಾಗಿ ಚೇತರಿಸಿಕೊಂಡರೇ?

ಉತ್ತರ 1:
ದಾಳಿ ನಡೆದ ಜಾಗವನ್ನು ಗಮನಿಸಿ. ಅದು ಕತ್ತಲ ಬೀದಿಯಲ್ಲ; ಅಂಕಣದ ಬದಿ ಬದಲಿಸುವ ನಡುವೆ, ಪ್ರೇಕ್ಷಕರಿಗೆ ಬೆನ್ನು ಮಾಡಿ, ನೀರು ಕುಡಿಯಲೆಂದು ಕೂರುವ ಕುರ್ಚಿ. ಪ್ರತಿ ಪಂದ್ಯದಲ್ಲೂ ಮತ್ತೆ ಮತ್ತೆ ಕೂರಲೇಬೇಕಾದ ಆ ಜಾಗವೇ ಭಯದ ಮೂಲವಾದರೆ, ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಆಟಗಾರ್ತಿ ಸಿದ್ಧಳಾಗುವುದಿಲ್ಲ. ಇರಿದ ಗುಂಟರ್ ಪಾರ್ಶೆ ಜರ್ಮನಿಯ ಆಟಗಾರ್ತಿ ಸ್ಟೆಫಿ ಗ್ರಾಫ್ ಅವರ ಹುಚ್ಚು ಅಭಿಮಾನಿ. ಗ್ರಾಫ್ ಮತ್ತೆ ಅಗ್ರಸ್ಥಾನಕ್ಕೇರಬೇಕೆಂಬುದೇ ಅವನ ಉದ್ದೇಶವಾಗಿತ್ತು, ಕೆಲವೇ ವಾರಗಳಲ್ಲಿ ಹಾಗೆಯೇ ಆಯಿತು. ನ್ಯಾಯಾಲಯ ವಿಧಿಸಿದ ಎರಡು ವರ್ಷಗಳ ಶಿಕ್ಷೆಯೂ ಅಮಾನತಿನಲ್ಲಿತ್ತು, ಅಂದರೆ ಆ ಶಿಕ್ಷೆಗಾಗಿ ಅವನು ಸೆರೆಮನೆಗೆ ಹೋಗಬೇಕಾಗಲಿಲ್ಲ. ಇರಿದವನು ಹೊರಗೆ ಓಡಾಡಿಕೊಂಡಿರುವಾಗ ನೆಮ್ಮದಿ ಎಲ್ಲಿಂದ ಬರಬೇಕು? ಸೆಲೆಸ್ ಜರ್ಮನಿಯಲ್ಲಿ ಮತ್ತೆಂದೂ ಆಡಲಿಲ್ಲ. ಇದೇ ಅವಧಿಯಲ್ಲಿ ಅವರಿಗೆ ಆಟ ಕಲಿಸಿದ ತಂದೆ ಕರೋಲಿಗೆ ಕ್ಯಾನ್ಸರ್ ಇರುವುದೂ ತಿಳಿದುಬಂತು.

ಉತ್ತರ 2:
ಎರಡನೆಯ ಪ್ರಶ್ನೆಗೆ ಪ್ರಶಸ್ತಿಗಳನ್ನಷ್ಟೇ ನೋಡಿ ಉತ್ತರಿಸಿದರೆ ಮೋಸಹೋಗುತ್ತೇವೆ. 1995ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ಮರಳಿದವರು ಆ ಟೂರ್ನಿಯನ್ನೇ ಗೆದ್ದರು, ಯುಎಸ್ ಓಪನ್ ಫೈನಲ್‌ನಲ್ಲಿ ಗ್ರಾಫ್‌ಗೆ ಸೋತರು, 1996ರ ಆರಂಭದಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಹೊರಗಿನವರಿಗೆ ಕಥೆ ಅಲ್ಲಿಗೆ ಸುಖಾಂತ್ಯ. ಆದರೆ ಖಿನ್ನತೆ ಕಾಡಿದುದನ್ನೂ, ದುಃಖವನ್ನು ಅಡಗಿಸಲು ಮಿತಿಮೀರಿ ತಿನ್ನುತ್ತಿದ್ದುದನ್ನೂ, ಆ ತಿನ್ನುವ ಕಾಯಿಲೆ ವರ್ಷಗಟ್ಟಲೆ ಬಿಡದಿದ್ದುದನ್ನೂ ಅವರೇ ಮುಂದೆ ಬರೆದುಕೊಂಡಿದ್ದಾರೆ. ಪತ್ರಿಕೆಗಳು ಆಗ ಅವರ ತೂಕವನ್ನಷ್ಟೇ ಕಂಡವು (ನಮ್ಮ ಕ್ರೀಡಾಪುಟಗಳೂ ಇಂಥ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಬಿಡಿ). 1998ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ಸೆಲೆಸ್, ತಂದೆಯ ಉಂಗುರವನ್ನು ಕೊರಳ ಸರದಲ್ಲಿ ಧರಿಸಿ, ಫ್ರೆಂಚ್ ಓಪನ್ ಆಡಿ ಫೈನಲ್ ತಲುಪಿದರು. ನನ್ನ ಮಟ್ಟಿಗೆ 1996ರ ಗೆಲುವಿಗಿಂತ ಈ ಸೋತ ಫೈನಲ್ಲೇ ಚೇತರಿಕೆಗೆ ಹೆಚ್ಚು ಸಾಕ್ಷಿ.

ಉತ್ತರ 3:
ಸುತ್ತಲಿನವರ ನಡವಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೆಲೆಸ್ ಮರಳುವವರೆಗೆ ಅವರ ರ‍್ಯಾಂಕಿಂಗ್ ಕಾಯ್ದಿಡುವ ಪ್ರಸ್ತಾವಕ್ಕೆ ಸಹ ಆಟಗಾರ್ತಿಯರ ಬೆಂಬಲ ಸಿಗಲಿಲ್ಲ. ವಿರೋಧವಾಗಿ ಮತ ಹಾಕದೆ ಉಳಿದವರು ಅರ್ಜೆಂಟೀನಾದ ಆಟಗಾರ್ತಿ ಗೇಬ್ರಿಯೆಲಾ ಸಬಾಟಿನಿ ಒಬ್ಬರೇ. ಸೆಲೆಸ್‌ಗೆ ಗ್ರಾಫ್ ಜೊತೆ ಜಂಟಿ ಅಗ್ರಸ್ಥಾನ ದೊರೆತದ್ದು 1995ರಲ್ಲಿ, ಅವರು ಮರಳಿದಾಗ.